ವಾಪಸ್ ಕೊಟ್ಟ ಪೇಟಿ

“ಆ ಪೇಟಿ ಬಂದ ಕೂಡ್ಲೆ ಬಾರಿಸಬ್ಯಾಡ್ರಿ ಸರ್, ಮೊದಲ ನನ್ನ ಕಡೆ ತರ್ರಿ,” ಎಂದ ಪೇಟಿ ಅಂಗಡಿಯ ಮುದುಕ ಫಕ್ರುದ್ದೀನ. “ನಾವು ಮಾರೂ ಮುಂದ ತಿದಿ ಬಿಚ್ಚಿ ಒಳಗ ಕೈಯಾಡಿಸಿ ನೋಡತೇವಿ. ಮೊದಲನೇ ಗಾಳಿ ಬೀದಿಗೆ ಬಿಡತೇವಿ. ಒಬ್ರ ಉಸುರು ಹೊಕ್ಕ ಪೇಟಿ ವಾಪಸ್ ತಗೊಳ್ಳಂಗಿಲ್ಲ. ಮಾಟ ಕಟ್ಟೋರಿಗೆ ತಿದಿಕಿಂತ ಚಲೋ ಜಾಗಾ ಇಲ್ರಿ.”

ಮನೋಹರ ನಕ್ಕ. ರಾಣೆಬೆನ್ನೂರಿನ ಆ ಇಕ್ಕಟ್ಟು ಅಂಗಡಿಯಲ್ಲಿ ಅವನು ಆಗಲೇ ಮುದುಕನ ಚಹಾ ಕುಡಿದಿದ್ದ. ಇದ್ದಬದ್ದ ಹಾರ್ಮೋನಿಯಂ ಪೇಟಿಗಳನ್ನೆಲ್ಲ ಹೆಂಡತಿ ಸ್ನೇಹಾಳ ಕೈಲಿ ನುಡಿಸಿ ನೋಡಿದ್ದ. ಅವಳಿಗೆ ಒಪ್ಪಿಗೆಯಾದದ್ದರ ಫೋಟೋ ಹೊಡೆದು, ಮುದುಕನ ಕಣ್ಣೆದುರಿಗೇ ಅಂಥದ್ದೇ ಇನ್ನೊಂದನ್ನು ಮೊಬೈಲಿನಲ್ಲಿ ತರಿಸಲು ಒತ್ತಿದ್ದ. ಇಂಥವರ ಹತ್ತಿರ ನಾಚಿಕೆ ಸುಳಿಯುವುದಿಲ್ಲ.

“ವ್ಯಾಪಾರ ಇಲ್ಲ ಅಂತ ದೆವ್ವ ಮಾರೋಕೆ ಶುರು ಮಾಡಿದ್ರಾ ಸಾಬ್ರೇ? ಇದನ್ನ ವಾರದೊಳಗೆ ವಾಪಸ್ ಕೊಡಬಹುದು ಕಣ್ರೀ!”

ಫಕ್ರುದ್ದೀನ ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದ.

ತುಮಕೂರಿನ ಮನೋಹರ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿಗೆ ಮ್ಯಾನೇಜರನಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಗುರುತಿಲ್ಲದ ಊರಿನಲ್ಲಿ ಸ್ನೇಹಾಳಿಗೆ ತನ್ನದು ಅಂತ ಇದ್ದದ್ದು ದನಿಯೊಂದೇ. ಅವಳು ಓಣಿಯ ಮಕ್ಕಳಿಗೆ ಹಾಡು ಕಲಿಸುವಾಗ ಮೆಣಸಿನಕಾಯಿ ಚೀಲ ಹೊತ್ತ ಹಮಾಲರೂ ನಿಂತು ಕೇಳುತ್ತಿದ್ದರು.

ಪೆಟ್ಟಿಗೆ ಬಂದದ್ದು ಉರಿಬಿಸಿಲಿನ ಮಧ್ಯಾಹ್ನ. ಮೆಣಸಿನಕಾಯಿಯ ಘಾಟು ತಡೆಯಲು ಕಿಟಕಿಗಳನ್ನೆಲ್ಲ ಮುಚ್ಚಿದ್ದ ಮನೆಯೊಳಗೆ ಹಗಲೇ ಕತ್ತಲು. ಟೇಪು ಒಮ್ಮೆ ಕಿತ್ತು ಮತ್ತೆ ಅಂಟಿಸಿದಂತಿತ್ತು. ಕಾಯಿಯ ತೊಟ್ಟು ಮುರಿಯುತ್ತಿದ್ದ ಸ್ನೇಹಾ ಕೈ ತೊಳೆಯದೆ ಹಾಗೇ ಎದ್ದು ಬಂದು ಬಿಚ್ಚಿದಳು. ಪೇಟಿಯ ಮುಚ್ಚಳದ ಮೇಲೆ ಅವಳ ಅಂಗೈ ಕೆಂಪಗೆ ಮೂಡಿತು.

ತಿದಿ ಎಳೆದಳು.

ಸುಟ್ಟ ಕೂದಲಿನ ವಾಸನೆ. ಕೊಳೆತ ನಿಂಬೆಯ ವಾಸನೆ. ಸ್ವರ ಹೊರಡಲಿಲ್ಲ. ಬಹಳ ಹೊತ್ತು ನೀರಲ್ಲಿ ಮುಳುಗಿದ್ದವರು ತಲೆ ಎತ್ತಿ ಉಸಿರೆಳೆದುಕೊಂಡ ಸದ್ದು ಬಂತು.

ಸ್ನೇಹಾ ಏನೋ ಹೇಳಲು ಬಾಯಿ ತೆರೆದಳು. ತುಟಿ ಆಡಿತು. ದನಿ ಇಲ್ಲ.

“ಖಾರದ ಘಾಟು ಕಣೇ,” ಎಂದ ಮನೋಹರ. ಹಾವೇರಿಯ ಡಾಕ್ಟರು ಗಂಟಲಲ್ಲಿ ಏನೂ ಇಲ್ಲ ಎಂದರು. ಮನೆಗೆ ಬಂದು ಅವನು ತಿದಿ ಮುಟ್ಟದೆ ಪೇಟಿಯ ಒಂದು ಸ್ವರದ ಮನೆ ಒತ್ತಿದ. ಸ್ನೇಹಾ ಹಾಡಿದಳು. ಅವಳಲ್ಲ, ಪೇಟಿ. ಮೂಲೆಯಲ್ಲಿ ಗಂಟಲು ಹಿಡಿದುಕೊಂಡು ಕೂತಿದ್ದವಳ ಕಣ್ಣಲ್ಲಿ ಬರೀ ನೀರು.

ಮನೋಹರ ಹೆದರಿದ. ಹೆದರಿ, ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಮೊಬೈಲಿನಲ್ಲಿ ವಾಪಸ್ ಕೊಡಲು ಒತ್ತಿದ.

ಒಯ್ಯುವವನು ಬಂದಾಗ ಸ್ನೇಹಾ ಪೆಟ್ಟಿಗೆಯನ್ನು ತಬ್ಬಿಕೊಂಡಳು, ಬಿಡಲಿಲ್ಲ. ಮನೋಹರನೇ ಅವಳ ಬೆರಳುಗಳನ್ನು ಒಂದೊಂದಾಗಿ ಕಿತ್ತ.

ವ್ಯಾನು ಹೋದ ಮೇಲೆ ಫಕ್ರುದ್ದೀನನಿಗೆ ಫೋನ್ ಹಚ್ಚಿ ಎಲ್ಲ ಹೇಳಿದ.

“ತಿದಿಯೊಳಗ ಮಾಟದ ಗಂಟು ಇರತೈತ್ರಿ. ಅದನ್ನ ಕಿತ್ತರ ದನಿ ತಿರುಗಿ ಬರತೈತಿ. ಲಗೂ ತರ್ರಿ.”

“ವಾಪಸ್ ಕೊಟ್ಟೆ.”



“ಪೇಟಿ ಅಲ್ರಿ ಸರ್, ನಿಮ್ಮ ಮನಿಯವರನ್ನ ಕೊಟ್ರಿ. ಮತ್ತ ಸಿಕ್ಕರ ನೀವು ಮುಟ್ಟಬ್ಯಾಡ್ರಿ. ಮುಚ್ಚಿದ್ದು ಮುಚ್ಚಿದಾಂಗ ತರ್ರಿ.”

ಅವನು ಮೊಬೈಲಿನಲ್ಲಿ ಅಂಥದ್ದನ್ನೇ ಮತ್ತೆ ತರಿಸಿದ. ಮತ್ತೆ ತರಿಸಿದ. ಬಂದವೆಲ್ಲ ಬೇರೆ. ಅವುಗಳಲ್ಲೊಂದು ವಾಪಸ್ ಒಯ್ಯುವವನಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದ ಮಧ್ಯಾಹ್ನವೇ ಇನ್ನೊಂದು ಬಂತು. ಬಿಚ್ಚಿದ. ಮುಚ್ಚಳದ ಮೇಲೆ ಒಣಗಿದ ಕೆಂಪು ಅಂಗೈ.

ರಾಣೆಬೆನ್ನೂರಿಗೆ ಒಯ್ಯಲು ಕಾರಿನ ಕೀಲಿ ಹುಡುಕಿದ. ಆಗ ಪೇಟಿಯೊಳಗಿನಿಂದ ಸ್ನೇಹಾಳ ದನಿ:

“ರೀ... ಉಸಿರು ಕಟ್ತಿದೆ. ಒಂದೇ ಸಲ ಎಳೀರಿ.”

ಎದುರಿಗೆ ನಿಂತ ಸ್ನೇಹಾ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. ಓಡಿ ಬಂದು ಅವನ ಕೈ ಹಿಡಿದಳು. ಅವನು ಅವಳನ್ನು ನೂಕಿದ. ಪೇಟಿಯ ಮಾತು ಕೇಳಿದ.

ಎಳೆದ.

ಸುಟ್ಟ ಕೂದಲು. ಕೊಳೆತ ನಿಂಬೆ. ಆ ಉಸಿರು. ಗಂಟಲಿನಿಂದ ಏನೋ ಬೇರುಸಮೇತ ಕಿತ್ತಂತಾಯಿತು. ಕೂಗಿದ. ಸದ್ದಿಲ್ಲ.

ವಾಪಸ್ ಒಯ್ಯುವವನು ಬಾಗಿಲು ಬಡಿದ. “ಸರ್, ವಾಪಸ್ ಕೊಡೂದು ಐತಂತಲ್ರಿ, ಇಲ್ಲಿ ಬಾಗಲದಾಗಿಂದು ಏನ್ರಿ?”

ಮನೋಹರ ಪೇಟಿಯ ಮೇಲೆ ಬಿದ್ದು ಅದನ್ನು ಅವಚಿಕೊಂಡ. ಬಾಯಿ ತೆರೆದೇ ಇತ್ತು. ಅವನ ಎದೆಯ ಕೆಳಗೆ ತಿದಿ ತಾನಾಗಿ ಅರಳಿತು.

“ಅದಲ್ಲ, ಇದು. ಕೆಂಪು ಕೈ ಇರೋದು. ತಗೊಂಡ್ಹೋಗಿ,” ಎಂದಿತು ಅವನದೇ ದನಿ.

ವ್ಯಾನಿನವನು ಒಳಗೆ ಬಂದು ಎತ್ತಲು ನೋಡಿದ. ಮನೋಹರ ಬಿಡಲಿಲ್ಲ. ಸ್ನೇಹಾ ವ್ಯಾನಿನವನ ಕಾಲಿಗೆ ಬಿದ್ದಳು.

“ಏನ್ ಚಾಷ್ಟಿ ಹಚ್ಚೀರಿ ಸರ್ ಗಂಡಾ ಹೆಂಡ್ತಿ? ನೀವ ಒಯ್ಯಿ ಅಂತೀರಿ, ನೀವ ಹಿಡಕೋತೀರಿ. ಇನ್ನೂ ಹತ್ತು ಮನಿ ತಿರಗೂದೈತಿ, ಬಿಡ್ರಿ!”

ಅವನು ಮನೋಹರನ ಬೆರಳುಗಳನ್ನು ಒಂದೊಂದಾಗಿ ಕಿತ್ತ.

ವ್ಯಾನು ಹೊರಟಿತು. ಧೂಳಿನಲ್ಲಿ ಇಬ್ಬರೂ ಅದರ ಹಿಂದೆ ಓಡಿದರು, ಬಾಯಿ ಬಿಟ್ಟುಕೊಂಡು, ಸದ್ದಿಲ್ಲದೆ. ವ್ಯಾನಿನೊಳಗೆ ಪೆಟ್ಟಿಗೆಗಳ ನಡುವಿನಿಂದ ಮನೋಹರನ ದನಿ ನಗುತ್ತಿತ್ತು.

“ವಾರದೊಳಗೆ ವಾಪಸ್ ಕೊಡಬಹುದು ಕಣ್ರೀ!”