ರುಮಾಲು ತೆಗೆದ ಸೋಮವಾರ

ಐಮಂಗಲದಲ್ಲಿ ಬಸ್ ಹತ್ತಿದ ಗಿರಿಯಮ್ಮ ಕೂರುವ ಮೊದಲೇ ಮೂಗರಳಿಸಿ ನಿಂತಳು. ಕಂಡಕ್ಟರ್ ಎತ್ತಪ್ಪ ತಲೆಗೆ ಸುತ್ತಿದ್ದ ರುಮಾಲನ್ನು ಇನ್ನಷ್ಟು ಕೆಳಗೆಳೆದುಕೊಂಡ.

"ಏನ್ ಕಂಡಕ್ಟ್ರೇ, ಹೊಂಗೆಎಣ್ಣೆ ವಾಸ್ನೆ. ಯಾವ ಕುರಿಗೆ ಕಜ್ಜಿ ಆಗೈತೆ?"

"ಒಂದು ಟಗರಿಗೆ," ಎಂದು ಕಣ್ಣು ತಪ್ಪಿಸಿ ದುರ್ಗದ ಟಿಕೆಟ್ ಹರಿದುಕೊಟ್ಟ.

"ಟಗರು ಖಾಕಿ ಶರ್ಟ್ ಹಾಕ್ಕಂಡೈತಾ?"

ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳ ಮೂಗಿಗೆ ಮೋಸ ಮಾಡುವುದುಂಟೇ! ಈಗ ಚಿತ್ರದುರ್ಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರೇನು, ಮೂಗು ಹಳೆಯದೇ. ಬಸ್ಸಿನವರೆಲ್ಲ ಅವಳನ್ನು ಸಿಸ್ಟರ್ ಅನ್ನುತ್ತಾರೆ. ಎತ್ತಪ್ಪನ ಬಾಯಲ್ಲಿ ಮಾತ್ರ ಆ ಮಾತು ಒಮ್ಮೆಯೂ ಬಂದಿಲ್ಲ, ಬರುವ ಹಾಗೂ ಇರಲಿಲ್ಲ.

ಅಷ್ಟರಲ್ಲಿ ರುಮಾಲಿನ ಅಂಚಿನಿಂದ ಎಣ್ಣೆಯ ಹನಿಯೊಂದು ಅವನ ಕೆನ್ನೆಗಿಳಿಯಿತು. ಅವಳ ನಗು ನಿಂತಿತು.

"ಟ್ರಿಪ್ ಮುಗಿಸ್ಕಂಡು ಆಸ್ಪತ್ರೆಗೆ ಬರ್ರಿ. ಬರ್ಲಿಲ್ಲಾಂದ್ರೆ ನಾಳೆ ಬಸ್ಸಲ್ಲೇ ರುಮಾಲು ಬಿಚ್ತೀನಿ."

ಹೋಗುವುದೇ ಒಳ್ಳೆಯದು ಅನ್ನಿಸಿತು ಎತ್ತಪ್ಪನಿಗೆ. ಹೇಗೂ ಹೇಳಬೇಕಾದ ಮಾತೊಂದಿತ್ತು. ಬರುವ ಸೋಮವಾರ ಅವನ ತಾಯಿ ಹುಚ್ಚಕ್ಕ ಮಗನನ್ನೂ ನಾಲ್ಕು ಜನ ಹಿರಿಯರನ್ನೂ ಕಟ್ಟಿಕೊಂಡು ಐಮಂಗಲಕ್ಕೆ ಹೆಣ್ಣು ಕೇಳಲು ಹೊರಡುವವಳಿದ್ದಳು, ಈ ಗಿರಿಯಮ್ಮನನ್ನೇ. ಆ ಮನೆಗೆ ಹೆಣ್ಣು ಕೇಳಲು ಬರುವ ಗಂಡು, ದೇವರ ಗೂಡಿನ ಮುಂದೆ ರುಮಾಲು ತೆಗೆದು ಬರಿತಲೆಯಲ್ಲಿ ಅಡ್ಡಬೀಳಬೇಕು. ಅದು ತಪ್ಪಿಸುವ ಪದ್ಧತಿಯಲ್ಲ. ಎತ್ತಪ್ಪನ ಮುಂದಲೆಯೋ, ಎಳವೆಯಲ್ಲಿ ಬಿಸಿನೀರ ಹಂಡೆ ಮಗುಚಿ ಸುಟ್ಟ ಜಾಗ. ಅಲ್ಲಿ ಒಂದು ಕೂದಲೂ ಹುಟ್ಟಿರಲಿಲ್ಲ. ಹೋದ ತಿಂಗಳು ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ, ಹಿಂದಲೆಯ ಕೂದಲನ್ನು ಚರ್ಮದ ಸಮೇತ ಚಿಕ್ಕ ಚಿಕ್ಕ ತುಣುಕಾಗಿ ತೆಗೆಸಿ ಮುಂದೆ ನೆಡಿಸಿಕೊಂಡು ಬಂದಿದ್ದ. ಎಷ್ಟು ಖುಷಿಪಟ್ಟಿದ್ದ! ಈಗ ಅದೆಲ್ಲ ದಿಂಬಿನ ಮೇಲೆ ಉದುರುತ್ತಿತ್ತು. ಕುರಿಯ ಮೈಮೇಲೆ ಉಣ್ಣೆ ಉದುರಿದರೆ ಕಜ್ಜಿ ಎಂದೇ ಕಂಡು ಬೆಳೆದವನು, ಹೊಂಗೆಎಣ್ಣೆ ಸುರಿದುಕೊಂಡಿದ್ದ.

ಡ್ರೆಸಿಂಗ್ ರೂಮಿನಲ್ಲಿ ಅವಳು ರುಮಾಲಿನ ಒಂದೊಂದೇ ಸುತ್ತು ಬಿಚ್ಚಿದಳು. ಅವನು ಕಣ್ಣು ಮುಚ್ಚಿಕೊಂಡ. ಅವಳು ನಗಲಿಲ್ಲ. ಅವಳ ಉಸಿರು ಹಣೆಗೆ ತಾಗಿದಾಗ ಅವನಿಗೆ ಅಳುವೇ ಬರುವಂತಾಯಿತು.

"ಇದು ನೆಡಿಸಿದ ಕೂದ್ಲು. ಬೆಂಗ್ಳೂರಲ್ಲಿ ಟ್ರೈನಿಂಗಿನಾಗೆ ನೋಡಿದೀನಿ. ಉದುರುತ್ತೆ ಅಂತ ಡಾಕ್ಟ್ರು ಹೇಳ್ಲಿಲ್ವಾ?"

"ಏನೋ ಹೇಳ್ತಿದ್ರು. ಬಸ್ಸಿಗೆ ಟೈಮಾಯ್ತು ಅಂತ ಎದ್ದು ಬಂದ್ಬಿಟ್ಟೆ."

"ಅಲ್ಲೂ ಸೀಟಿ ಊದಿದ್ರಾ?" ಈಗ ನಕ್ಕಳು. "ಮರಿಗೆ ಮೊದಲ್ನೇ ಸಲ ಉಣ್ಣೆ ಕತ್ತರಿಸ್ದಾಗ ಅಳ್ತೀರೇನ್ರಿ? ಹಂಗೇ ಇದು. ಮೇಲಿನ ಕೂದ್ಲು ಉದುರುತ್ತೆ, ಬೇರು ಒಳಗೈತೆ. ಮೂರ್ನಾಕು ತಿಂಗ್ಳಿಗೆ ಚಿಗುರುತ್ತೆ. ಕಾಯಾಕೆ ಮಾತ್ರ ಬರ್ಬೇಕು."

ಉಗುರುಬೆಚ್ಚನೆ ನೀರನ್ನು ಚೊಂಬಿನಿಂದ ಸಣ್ಣಗೆ ಸುರಿದು, ಸೋಪಿನ ನೊರೆಯಲ್ಲಿ ಎಣ್ಣೆ ಇಳಿಸಿದಳು. ಉಜ್ಜಲಿಲ್ಲ. ಬೆರಳ ತುದಿಯಿಂದ ಒತ್ತಿ ಒತ್ತಿ ಬಿಟ್ಟಳು. ಅಲ್ಲಲ್ಲಿ ಉಳಿದ ಹಕ್ಕಳೆಗಳನ್ನು ಕೀಳಲಿಲ್ಲ, ತಾವಾಗಿಯೇ ಬೀಳಲಿ ಎಂದಳು. ಹಂಡೆ ಮಗುಚಿದಂದಿನಿಂದ ಆ ಜಾಗವನ್ನು ಅವ್ವ ಮತ್ತು ಬೆಂಗಳೂರಿನ ಡಾಕ್ಟರನ್ನು ಬಿಟ್ಟರೆ ಬೇರೆ ಯಾರೂ ಮುಟ್ಟಿರಲಿಲ್ಲ. ಎತ್ತಪ್ಪನಿಗೆ ಮೈಯೆಲ್ಲ ಜುಮ್ಮೆಂದಿತು.

"ಗಿರಿಯಮ್ಮೋರೇ, ಸೋಮವಾರ ಬರಾದು ಬ್ಯಾಡ ಅಂತ ಅವ್ವಂಗೆ ಹೇಳ್ತೀನಿ. ಕೂದ್ಲು ಬಂದ್ಮೇಲೆ ಬರ್ತೀವಿ."

ನೀರು ನಿಂತಿತು.

"ಅಷ್ಟು ದಿನ ನಮ್ಮಪ್ಪ ಕಾಯಲ್ಲ. ನೀವು ಬರ್ಲಿಲ್ಲಾಂದ್ರೆ ಹೊಸದುರ್ಗದ ಗಂಡಿನೋರಿಗೆ ಹೂಂ ಅಂತಾನೆ."

"ನೀವು?"

ಅವಳು ಒದ್ದೆ ತಲೆಯ ಮೇಲೆ ಮೆತ್ತನೆಯ ಬಟ್ಟೆ ಇಟ್ಟು, ನೀರು ಹೀರಿಕೊಳ್ಳುವವರೆಗೆ ಅಂಗೈ ಅಲ್ಲೇ ಊರಿದ್ದಳು.

"ನಾನು ದಿನಾ ಮುಂದಿನ ಬಸ್ಸು ಬಿಟ್ಟು ನಿಮ್ಮ ಬಸ್ಸಿಗೇ ಬರ್ತೀನಿ. ಅದೂ ಗೊತ್ತಾಗ್ಲಿಲ್ವಾ ಕಂಡಕ್ಟ್ರಿಗೆ?"

ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಎತ್ತಪ್ಪ ನಡೆದನೋ ಹಾರಿದನೋ ಅವನಿಗೇ ತಿಳಿಯದು. ಸಂಜೆಯ ಟ್ರಿಪ್ಪಿನಲ್ಲಿ ಹಿರಿಯೂರಿಗೆ ಹೊರಟಿದ್ದ ಒಬ್ಬರಿಗೆ ಐಮಂಗಲದ ಟಿಕೆಟ್ ಕೊಟ್ಟು ಬೈಸಿಕೊಂಡ.

ಸೋಮವಾರ ಐಮಂಗಲದ ಮನೆಯ ಪಡಸಾಲೆ ತುಂಬ ಜನ. ಎತ್ತಪ್ಪ ದೇವರ ಗೂಡಿನ ಮುಂದೆ ನಿಂತು, ರುಮಾಲು ತೆಗೆದು ಅಡ್ಡಬಿದ್ದ. ಎದ್ದಾಗ ಎಲ್ಲರ ಕಣ್ಣೂ ಅವನ ತಲೆಯ ಮೇಲಿತ್ತು. ಗಿರಿಯಮ್ಮನ ತಂದೆ ನಿಂಗಪ್ಪ ಹತ್ತಿರ ಬಂದು ಬಗ್ಗಿ ನೋಡಿದ.

"ಇದೇನಪ್ಪ ತಲೆ ಹಿಂಗೈತೆ?"

ಎತ್ತಪ್ಪ ಬಾಯಿ ತೆರೆಯುವ ಮೊದಲೇ ಉತ್ತರ ಅಡುಗೆಮನೆಯ ಬಾಗಿಲಿನಿಂದ ಬಂತು.

"ಸುಟ್ಟ ಗಾಯ ಅಪ್ಪಾ. ಕೂದ್ಲು ನೆಡಿಸವ್ರೆ, ಮಳೆಗಾಲಕ್ಕೆ ಚಿಗುರುತ್ತೆ. ಅಲ್ಲಿಗಂಟ ಕೆರೀಬಾರ್ದು, ಕಂಡ ಎಣ್ಣೆ ಹಚ್ಬಾರ್ದು. ನೋಡ್ಕಳಾಕೆ ಒಬ್ರು ಬೇಕು."

"ಯಾರವ್ವ ನೋಡ್ಕಳಾದು?"

"ನಾನೇ."

ಹುಚ್ಚಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಂಗಪ್ಪ ಮಗಳನ್ನೊಮ್ಮೆ, ಆ ತಲೆಯನ್ನೊಮ್ಮೆ ನೋಡಿ ಗಹಗಹಿಸಿ ನಕ್ಕ. "ಎಲೆಅಡಿಕೆ ತರ್ರಿ," ಅಂದ.

ಊಟ ಮುಗಿಸಿ ಹೊರಡುವಾಗ ಎತ್ತಪ್ಪ ಸಂತೋಷದಲ್ಲಿ ಬರಿತಲೆಯಲ್ಲೇ ಅಂಗಳಕ್ಕಿಳಿದುಬಿಟ್ಟಿದ್ದ. ಹುಟ್ಟಿ ಬುದ್ಧಿ ಬಂದಾಗಿನಿಂದ ಹಾಗೆ ಹೊರಗೆ ಕಾಲಿಟ್ಟವನಲ್ಲ.

"ಏನ್ರೀ," ಗಿರಿಯಮ್ಮ ರುಮಾಲು ಹಿಡಿದು ಎಲ್ಲರೆದುರೇ ಓಡಿ ಬಂದಳು. "ಬಿಸಿಲು ಬೀಳಬಾರ್ದು. ಸುತ್ಕಳ್ರಿ."

ಕಂಡಕ್ಟ್ರೇ ಅನ್ನಲಿಲ್ಲ ಅವಳು. ಎತ್ತಪ್ಪ, ಅವಳೇ ಸುತ್ತಲಿ ಎಂದು, ತಲೆ ಬಗ್ಗಿಸಿ ಅವಳ ಮುಂದೆ ನಿಂತ.