ಅಭಿರಾಮಿಯ ಸದ್ದಿನ ಬೆಂಚು

ಠಣಾರ್!

ನಾಟಕದ ಪ್ರಾಕ್ಟೀಸು ಅಲ್ಲಿಗೇ ನಿಂತುಹೋಯಿತು. ಸೀರೆಯ ತೊಟ್ಟಿಲಲ್ಲಿ ಮಲಗಿದ್ದ ಪಾಪು ಎದ್ದು ಕೂತು ಕಿಸಕ್ಕನೆ ನಕ್ಕಿತು. ಪಾಪು ಅಂದರೆ ಒಂದನೇ ಕ್ಲಾಸಿನ ಸತೀಶ್‌ಕುಮಾರ್. ಇಡೀ ನಾಟಕದಲ್ಲಿ ಅವನಿಗೆ ಒಂದೇ ಕೆಲಸ, ಕಣ್ಣು ಮುಚ್ಚಿ ಮಲಗುವುದು. ಆ ಮಹರಾಯನಿಗೆ ಅದೊಂದೇ ಬರುತ್ತಿರಲಿಲ್ಲ.

"ಯಾರದು?" ಅಂದರು ಸುಗನ್ಯಾ ಟೀಚರ್.

ಕೇಳಬೇಕಾಗಿಯೇ ಇರಲಿಲ್ಲ. ಎಲ್ಲರೂ ಅಭಿರಾಮಿಯನ್ನೇ ನೋಡುತ್ತಿದ್ದರು.

ಆರನೇ ಕ್ಲಾಸಿನ ಅಭಿರಾಮಿ ನಾಟಕಕ್ಕೆ ಸದ್ದು ಕೊಡುವವಳು. ಅವಳ ಮುಂದೆ ಒಂದು ಉದ್ದನೆಯ ಬೆಂಚು. ಅದರ ತುಂಬ ಸಾಮಾನು. ಮಳೆಗೆ ಜೋಳ ಹಾಕಿದ ಮೊರ, ಗುಡುಗಿಗೆ ತಗಡು, ಎತ್ತಿನ ಗಾಡಿಗೆ ತೆಂಗಿನ ಚಿಪ್ಪು, ಹಾಡುಗಳಿಗೆ ಡೋಲು. ಆನೆಗೆ ಮಾತ್ರ ದೊಡ್ಡದೊಂದು ಕಂಚಿನ ಗಂಟೆ. ಎಲ್ಲವನ್ನೂ ಅವಳೇ ಮಾರ್ಕಯನ್‌ಕೋಟ್ಟೈ ಊರಿನ ಮನೆಮನೆಗೆ ಹೋಗಿ ಕೇಳಿ ತಂದಿದ್ದಳು.

ನಾಟಕದಲ್ಲಿ ಮಾವಿನ ತೋಪಿಗೆ ಕೆಲಸಕ್ಕೆ ಬಂದ ತಾಯಿ ಮರಕ್ಕೆ ತೊಟ್ಟಿಲು ಕಟ್ಟಿ ಪಾಪುವನ್ನು ಮಲಗಿಸಿ ಹೋಗುತ್ತಾಳೆ. ಗುಡಿಯ ಆನೆ ತಪ್ಪಿಸಿಕೊಂಡು ಅಲ್ಲಿಗೆ ಬರುತ್ತದೆ. ಗಂಟೆ ಠಣ್ ಠಣ್ ಅನ್ನುತ್ತಾ ಹತ್ತಿರ ಬಂದು ಗಪ್ಪನೆ ನಿಲ್ಲಬೇಕು. ಆನೆ ಸೊಂಡಿಲಿನಿಂದ ತೊಟ್ಟಿಲು ತೂಗಬೇಕು. ಆಮೇಲೆ ಸಣ್ಣಗೆ ಮಳೆ. ಮೊರ ಆಡಿಸಲು ಎರಡು ಕೈಯೂ ಬೇಕಲ್ಲ, ಹಾಗಾಗಿ ಅಭಿರಾಮಿ ಗಂಟೆಯನ್ನು ಕೆಳಗಿಡಬೇಕು. ಇಡುವಾಗಲೇ ಬಂದಿತ್ತು ಸಂಕಟ. ಒಮ್ಮೆ ಗಂಟೆ ಠಣ್ ಅನ್ನುತ್ತಿತ್ತು, ಇನ್ನೊಮ್ಮೆ ಮೊಣಕೈ ತಾಗಿ ತಗಡು ಗುಡುಗುತ್ತಿತ್ತು.

"ನಿನ್ನ ಮೇಲೆ ಕೋಪ ಇಲ್ಲಮ್ಮಾ," ಅಂದರು ಟೀಚರ್. "ಆದ್ರೆ ನಾಳೆ ಸಂಜೆ ತೇನಿಯಲ್ಲಿ ಶೋ. ಈ ಸದ್ದೆಲ್ಲಾ ಫೋನಲ್ಲೇ ಸಿಗುತ್ತೆ, ಸ್ಪೀಕರಿಗೆ ಹಾಕಿದ್ರೆ ಆಯ್ತು. ಬೆಳಿಗ್ಗೆ ಇನ್ನೊಂದು ಸಲ ನೋಡ್ತೀನಿ. ಆಗಲೂ ಸರಿಹೋಗದಿದ್ರೆ ಬೆಂಚು ಬೇಡ."

"ಫೋನು ಠಣಾರ್ ಅನ್ನಲ್ಲ ಟೀಚರ್!" ಅಂದ ಆನೆ. ಆನೆ ಅಂದರೆ ಏಳನೇ ಕ್ಲಾಸಿನ ಪ್ರೇಮ್‌ಕುಮಾರ್. ಎಲ್ಲರೂ ಗೊಳ್ಳೆಂದು ನಕ್ಕರು.

ಅಭಿರಾಮಿ ಗಂಟೆಯನ್ನು ಎದೆಗೆ ಅವುಚಿಕೊಂಡು ಸೀದಾ ಅವ್ವನ ಹತ್ತಿರ ಓಡಿದಳು.

ಅವಳ ಅವ್ವ ದೈವಾನೈ ಬಾಲವಾಡಿಯಲ್ಲಿ ಆಯಾ. ಅಡುಗೆ ಮಾಡುವುದು, ಉಣ್ಣಿಸುವುದು, ಮಲಗಿಸುವುದು, ಎಲ್ಲಾ ಅವಳದೇ. ಫ್ರೆಂಡ್ಸ್ ಕೇಳಿದರೆ ಅಭಿರಾಮಿ "ನಮ್ಮವ್ವಂದು ಗೌರ್ಮೆಂಟ್ ಕೆಲಸ" ಅಂದು ಬೇಗ ಮಾತು ಬದಲಿಸುತ್ತಿದ್ದಳು. ಆಯಾ ಅನ್ನಲು ಅದೇಕೋ ನಾಚಿಕೆ.

"ಅವ್ವಾ!" ಅನ್ನಲು ಬಾಯಿ ತೆರೆದಳು. ಒಳಗಿನಿಂದ ಅವ್ವ ತುಟಿಗೆ ಬೆರಳಿಟ್ಟಳು.

ಊಟ ಮುಗಿದು ಹದಿನೈದು ಮಕ್ಕಳು ಚಾಪೆಯ ಮೇಲೆ ಮಲಗಿದ್ದವು. ಅವ್ವ ತೊಳೆದ ಸ್ಟೀಲ್ ತಟ್ಟೆಗಳನ್ನು ಒರೆಸಿ ಒಂದರ ಮೇಲೊಂದು ಇಡುತ್ತಿದ್ದಳು. ಅಭಿರಾಮಿ ಇದನ್ನು ನೂರು ಸಲ ನೋಡಿದ್ದಳು. ಇವತ್ತು ಮಾತ್ರ ಅಳುವುದನ್ನೂ ಮರೆತು ನಿಂತಳು. ಸ್ಟೀಲ್ ಮೇಲೆ ಸ್ಟೀಲ್ ಕೂರುತ್ತಿದೆ, ಒಂದು ಚೂರೂ ಸದ್ದಿಲ್ಲ!

ಅವಳು ಮೆಲ್ಲಗೆ ಪಕ್ಕಕ್ಕೆ ಹೋಗಿ ಕೂತು, ಬೆಂಚಿನ ಸಂಕಟವನ್ನೆಲ್ಲಾ ಪಿಸುಮಾತಲ್ಲಿ ಹೇಳಿದಳು. "ಅವ್ವಾ, ನಿನ್ ತಟ್ಟೆ ಯಾಕ್ ಸದ್ದು ಮಾಡಲ್ಲ?"

"ಸತ್ತಂ, ಸದ್ದು ಆದ್ರೆ ಎಲ್ಲಾ ಎದ್ಬುಡ್ತಾವೆ ನನ್ ಕಣ್ಣೇ," ಅವ್ವ ಪಿಸುಗುಟ್ಟಿದಳು. "ಒಂದು ಅತ್ರೆ ಹದಿನೈದೂ ಅಳ್ತಾವೆ. ಆಮ್ಯಾಕೆ ನನ್ ಗತಿ?"

"ಅದ್ ಸರಿ. ಮಾಡೋದ್ ಹೆಂಗೆ?"

ಅವ್ವನಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಹೆಂಗಂದ್ರೆ... ಯಾರ್ ಕಂಡ್ರು ಹೋಗ್ ಡೀ," ಅಂದು ತನ್ನ ಕೈಯನ್ನು ತಾನೇ ನೋಡಿಕೊಂಡಳು. ಒಂದು ತಟ್ಟೆ ತಗೊಂಡು ನಿಧಾನವಾಗಿ ಇಳಿಸಿದಳು. ಮೊದಲು ಕಿರುಬೆರಳು ಕೆಳಗೆ ಹೋಯಿತು. ಅದರ ಮೇಲೆ ತಟ್ಟೆ ಬಂತು. ಆಮೇಲೆ ಬೆರಳು ಮೆಲ್ಲಗೆ ಜಾರಿ ಹೊರಬಂತು.

"ಓ, ಇಂಗಾ ಮಾಡೋದು ನಾನು!" ಅಂದಳು ಅವ್ವ, ಅವಳಿಗೇ ಆಶ್ಚರ್ಯ.

ಅಭಿರಾಮಿ ಒಂದು ತಟ್ಟೆ ಎತ್ತಿಕೊಂಡಳು. ಕಿರುಬೆರಳು ಇಟ್ಟಳು, ತಟ್ಟೆ ಇಳಿಸಿದಳು, ಬೆರಳನ್ನು ಸರಕ್ಕನೆ ಎಳೆದಳು. ಟಣ್! ಮೂಲೆಯಲ್ಲಿದ್ದ ಮಗು ಕಣ್ಣು ಬಿಟ್ಟು ಅಳತೊಡಗಿತು. ಅದರ ಪಕ್ಕದ್ದು ಶುರುಮಾಡಿತು. ಮುಗೀತು ಕತೆ! ಹದಿನೈದೂ ಎದ್ದು ರಾಗ ಎಳೆದವು.

ಅವ್ವ ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಳುತ್ತಿದ್ದ ಒಂದನ್ನು ಸೊಂಟಕ್ಕೆ ಏರಿಸಿಕೊಂಡು ಕೇಳಿದಳು, "ಈಗ ಯೋಳು, ನಿನ್ ಬೆಂಚ್ ಮ್ಯಾಲೆ ಏನೇನ್ ಐತೆ?"

ಅಭಿರಾಮಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬೆಂಚು ಬರೆದು ತೋರಿಸಿದಳು. ಇಲ್ಲಿ ಮೊರ, ಇಲ್ಲಿ ತಗಡು, ಇಲ್ಲಿ ಚಿಪ್ಪು.

"ಗಂಟೆ ಇಡೋ ಜಾಗ ಎಲ್ಲೈತೆ?"

ಅಭಿರಾಮಿ ಹುಡುಕಿದಳು. ಜಾಗ ಇರಲೇ ಇಲ್ಲ. ಎಲ್ಲಿ ಸಂದು ಸಿಕ್ಕಿದರೆ ಅಲ್ಲಿ ತುರುಕುತ್ತಿದ್ದಳು.

"ಎತ್ತಾಕೆ ಮಾತ್ರ ಯೋಚ್ನೆ ಮಾಡಿದ್ದೀಯ. ಇಡಾಕೆ ಮಾಡೇ ಇಲ್ವಲ್ಲ ನನ್ ಕಣ್ಣೇ," ಅಂದಳು ಅವ್ವ.

ಅಂದು ಸಂಜೆ ಅಭಿರಾಮಿ ಬೆಂಚನ್ನು ಹೊಸದಾಗಿ ಜೋಡಿಸಿದಳು. ಮೇಲೆ ಅವ್ವನ ಹಳೇ ಸೀರೆ ನಾಲ್ಕು ಮಡಿಕೆ. ತಗಡು ಬೆಂಚಿನ ಕೆಳಗಿನ ಮೊಳೆಗೆ. ಗಂಟೆಗೆ ಬಲಗಡೆ ಖಾಲಿ ಜಾಗ, ಅಲ್ಲಿ ಇಲವಂ ಮರದ ಮೆತ್ತನೆ ಹತ್ತಿಯ ಒಂದು ಪುಟ್ಟ ದಿಂಬು. ಮತ್ತೆ ಮತ್ತೆ ಎತ್ತಿ ಇಟ್ಟು, ಎತ್ತಿ ಇಟ್ಟು, ಕಿರುಬೆರಳು ಕೆಂಪಗಾಯಿತು.

ಬೆಳಿಗ್ಗೆ ಗಂಟೆ ಇಡುವಾಗ ಸದ್ದು ಬರಲಿಲ್ಲ. ಟೀಚರ್ ತಲೆಯಾಡಿಸಿದರು. "ಆದ್ರೂ ಫೋನು ನನ್ನ ಕೈಯಲ್ಲೇ ಇರುತ್ತೆ. ನಿನ್ನ ಕೈ ತಪ್ಪಿದ್ರೆ ಒತ್ತಿಬಿಡ್ತೀನಿ," ಅಂದರು.

ಸಂಜೆ ತೇನಿಯ ದೊಡ್ಡ ಹಾಲ್ ಜನರಿಂದ ತುಂಬಿ ತುಳುಕುತ್ತಿತ್ತು. ಗಾಡಿ ಹೋಯಿತು, ಗುಡುಗು ಗುಡುಗಿತು. ತೊಟ್ಟಿಲಿನ ಹಾಡು ಬಂತು. ಠಣ್, ಠಣ್, ಆನೆ ಬಂತು, ನಿಂತಿತು. ಸೈಡಿನಲ್ಲಿ ಟೀಚರ ಹೆಬ್ಬೆರಳು ಫೋನಿನ ಮೇಲೆ ಕಾಯುತ್ತಿತ್ತು. ಅಭಿರಾಮಿ ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದಳು. ಕಿರುಬೆರಳು ದಿಂಬಿಗೆ ತಾಗಿತು. ಗಂಟೆ ಕೂತಿತು. ಅವಳು ಅವಸರ ಮಾಡಲಿಲ್ಲ. ಬೆರಳು ಮೆಲ್ಲಗೆ ಹೊರಬಂತು.

ಏನೂ ಕೇಳಿಸಲಿಲ್ಲ.

ಆಮೇಲೆ ಮೊರದಲ್ಲಿ ಸಣ್ಣಗೆ ಮಳೆ ಬಂತು. ಟೀಚರ್ ಫೋನನ್ನು ಬ್ಯಾಗಿಗೆ ಹಾಕಿಕೊಂಡರು.

ನಾಟಕ ಮುಗಿದಾಗ ಎಲ್ಲರೂ ಸಾಲಾಗಿ ನಿಂತು ಕೈಮುಗಿದರು. ಪಾಪು ಮಾತ್ರ ಏಳಲಿಲ್ಲ. ಪ್ರೇಮ್‌ಕುಮಾರ್ ಸೊಂಡಿಲಿನಿಂದ ತಿವಿದ. ಊಹೂಂ. ಎರಡು ವಾರದಿಂದ ಸುಳ್ಳು ನಿದ್ದೆಯೂ ಬಾರದ ಸತೀಶ್‌ಕುಮಾರ್ ನಿಜವಾಗಿ ಗೊರಕೆ ಹೊಡೆಯುತ್ತಿದ್ದ! ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. ಆನೆ ಪಾಪುವನ್ನು ಎತ್ತಿಕೊಂಡು ಬಂದು ಬೆಂಚಿನ ಪಕ್ಕ ಮಲಗಿಸಿತು.

"ನಿನ್ನಿಂದಾನೇ ಕಣೇ ಇವ್ನು ಮಲಗಿದ್ದು," ಅಂದ ಪ್ರೇಮ್‌ಕುಮಾರ್. ಈ ಸಲ ಅವನು ನಗಲಿಲ್ಲ.

ಮುಂದಿನ ಸ್ಕೂಲಿನವರು ಕಾಯುತ್ತಿದ್ದರು, ಬೇಗ ಖಾಲಿ ಮಾಡಬೇಕು. ನಾಟಕ ನೋಡಲು ಬಂದಿದ್ದ ಅವ್ವ ಜನರ ನಡುವಿನಿಂದ ಎದ್ದು ಬಂದಳು. ಮಲಗಿದ್ದ ಮಗುವನ್ನು ನೋಡಿದಳು. ಸದ್ದಿಲ್ಲದೆ ತಗಡು ಬಿಚ್ಚಿದಳು, ಚಿಪ್ಪು ಎತ್ತಿದಳು, ಜೋಳವನ್ನು ಚೀಲಕ್ಕೆ ಇಳಿಸಿದಳು.

"ಯಾರೇ ಅದು?" ಒಬ್ಬ ಗೆಳತಿ ಕಿವಿಯಲ್ಲಿ ಕೇಳಿದಳು.

"ನಮ್ಮವ್ವ. ಬಾಲವಾಡಿ ಆಯಾ," ಅಂದಳು ಅಭಿರಾಮಿ. "ಇದೆಲ್ಲಾ ಹೇಳಿಕೊಟ್ಟಿದ್ದು ಅವಳೇ."

ಅವ್ವನ ಕೆಲಸಕ್ಕೆ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ಅವಳು ನೋಡಿರಲಿಲ್ಲ. ಈಗಲೇ ಜೋರಾಗಿ ತಟ್ಟಿಬಿಡಬೇಕು ಅನ್ನಿಸಿ ಎರಡು ಕೈಯನ್ನೂ ಎತ್ತಿದಳು. ಆದರೆ ಮಗು ಮಲಗಿತ್ತಲ್ಲ.

ಅವಳು ಕೈ ಇಳಿಸಿ ಬೆಂಚಿನ ಒಂದು ತುದಿ ಹಿಡಿದಳು. ಅವ್ವ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಸತೀಶ್‌ಕುಮಾರನ ಪಕ್ಕದಿಂದ ಮೆಲ್ಲಗೆ ಎತ್ತಿಕೊಂಡು ಹೊರಟರು.