ಸೆಕೆಸಾಯಿಗಾಗಿ ಒಂದು ಅಳು

"ಈ ಅಂಗಿ ಬಿಸಿಲು ಕಂಡಿದ್ದೇ ಬಂತು, ಹೊಳೆ ನೀರು ಕಾಣಲಿಲ್ಲ. ಇವತ್ತಾದ್ರೂ ಒದ್ದೆ ಆಗುತ್ತೋ, ಇಲ್ಲ ಮತ್ತೆ ಜ್ವರ ಬಂತೋ ತಾಯಿ?"

ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತ ಅತ್ತೆ ಹೀಗೆಂದಾಗ ಸೊಸೆ ನ್ಯಾರಾಡ್ಜೊಳ ಕೈಯಿಂದ ಬಿಳಿ ನಿಲುವಂಗಿ ಜಾರಿ ನೆಲಕ್ಕೆ ಬಿತ್ತು. ಮಗ ಕುಡ್ಜಾಯಿಯ ಹೆಸರಿನಿಂದ ಊರಿಗೆಲ್ಲ 'ಮಾಯಿ ಕುಡ್ಜಾಯಿ', ಅಂದರೆ ಕುಡ್ಜಾಯಿಯ ಅಮ್ಮ, ಆಗಿದ್ದ ಈ ಅತ್ತೆಯ ನಾಲಿಗೆಯ ಏಟು ತಿನ್ನದವರು ನಮ್ಮ ಸಾವೆ ಹೊಳೆಯ ದಡದಲ್ಲಿ ಯಾರಿದ್ದಾರೆ? ಆದರೆ ನಿಜ ಹೇಳಬೇಕಲ್ಲ... ಬಾಣಂತಿ ಸೊಸೆಗೆ ನೆಲಕ್ಕೆ ಕಾಲಿಡಲೂ ಬಿಡದೆ ಜೋಳದ ಗಂಜಿ ಕುಡಿಸಿದ್ದೂ ಇದೇ ಹೆಂಗಸು.

ನಮ್ಮ ಸಭೆಗೆ ಗೋಡೆಯಿಲ್ಲ, ಗಂಟೆಯಿಲ್ಲ. ಮರದ ಕೆಳಗೆ ಬಿಳಿ ಬಟ್ಟೆ ತೊಟ್ಟು ಬರಿಗಾಲಲ್ಲಿ ಕೂರುತ್ತೇವೆ. ಮಡುವಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವರಿಗೆ ಮಾತ್ರ ಒಳಸುತ್ತಿನಲ್ಲಿ ಜಾಗ. ತಾಯಿ ಮುಳುಗದೆ ಮಗುವಿನ ಹೆಸರನ್ನು ಸಭೆಯಲ್ಲಿ ಕೂಗುವಂತಿಲ್ಲ. ಪ್ರತಿ ಈಸ್ಟರಿಗೂ ನ್ಯಾರಾಡ್ಜೊ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದಳು. ಹಲ್ಲು ಮೂಡಿದರೂ ಅವಳ ಮಗಳು ಇನ್ನೂ ಬರೀ 'ಪಾಪು'. ಅಜ್ಜಿ ಮಾಯಿ ಕುಡ್ಜಾಯಿಯಂತೂ ತನ್ನ ತಾಯಿಯ ಹೆಸರನ್ನೇ ಇಡುವುದೆಂದು ಊರಿಗೆಲ್ಲ ಸಾರಿ ಕಾಯುತ್ತಿದ್ದಳು.

ನ್ಯಾರಾಡ್ಜೊಗೆ ಯೇಸುವೆಂದರೆ ಪ್ರಾಣ. ಒಂದು ಪ್ರಾರ್ಥನೆಯನ್ನೂ ಬಿಟ್ಟವಳಲ್ಲ. ಆದರೆ ಮಡು ಕಂಡರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು. ನೀರಿನ ಹತ್ತಿರ ಪಾಪು ಅತ್ತರೆ ಗಬಕ್ಕನೆ ಅದರ ಬಾಯಿ ಮುಚ್ಚುತ್ತಿದ್ದಳು. ಯಾಕೆಂದು ಗಂಡನಿಗೂ ಹೇಳಿರಲಿಲ್ಲ, ಪಾಪ.

ಆ ಈಸ್ಟರ್ ಬೆಳಿಗ್ಗೆ ಸಭೆಯ ಹಿರಿಯ ಬಾಬಾ ಜೊಸಾಯ ಮಡುವಿಗಿಳಿದು ಮೊಸಳೆ ಹತ್ತಿರ ಬಾರದಂತೆ ಕೋಲಿನಿಂದ ನೀರು ಬಡಿದರು. ದಡದಲ್ಲಿ ಹೆಂಗಸರ ಹಾಡು ಏರಿತು. ನ್ಯಾರಾಡ್ಜೊ ಮೊಣಕಾಲುದ್ದದ ನೀರಿನವರೆಗೆ ಹೋಗಿ ನಿಂತುಬಿಟ್ಟಳು.

"ಬಾ ಮಗಳೇ," ಎಂದರು ಬಾಬಾ.

"ಆಗಲ್ಲ ಬಾಬಾ... ನನ್ನ ಕೈಲಾಗಲ್ಲ..."

ಹಾಡು ನಿಂತಿತು. "ಇವಳ ಮೈಮೇಲೆ ಏನೋ ಇದೆ ಕಣೇ, ನಾನು ಆವತ್ತೇ ಹೇಳ್ಲಿಲ್ವಾ," ಎಂದಳು ಪಕ್ಕದ ಮನೆಯವಳು.

"ನಿನ್ನ ಮೈಮೇಲೆ ಇರೋದು ನನ್ನ ಹತ್ರ ಎರವಲು ತಗೊಂಡ ಅಂಗಿ. ತೆಪ್ಪಗಿರು," ಎಂದ ಮಾಯಿ ಕುಡ್ಜಾಯಿ, ಪಾಪುವನ್ನು ಮಗನ ಕೈಗೆ ಕೊಟ್ಟು, ಊದಿದ ಕಾಲೆಳೆದುಕೊಂಡು ನೀರಿಗಿಳಿದಳು. ಸೊಸೆಯ ಗಲ್ಲ ಹಿಡಿದಳು. "ಏನಾಯ್ತು? ನನ್ನೊಬ್ಬಳಿಗೆ ಹೇಳು."

"ನನಗೊಬ್ಬಳು ಅಕ್ಕ ಇದ್ಲು ಅಮಾಯಿ... ಸೆಕೆಸಾಯಿ. ಬಟ್ಟೆ ಒಗೆಯೋಕೆ ಹೋದಾಗ ಕಾಲು ಜಾರಿ ಮುಳುಗಿದ್ಲು. ಹೊಳೆಯೊಳಗಿರೋ ನೀರಿನ ಹೆಣ್ಣು ಕರ್ಕೊಂಡು ಹೋಗಿದ್ದಾಳೆ, ಯಾರೂ ಅಳಬೇಡಿ, ಅಳದಿದ್ರೆ ವಾಪಸ್ ಕಳಿಸ್ತಾಳೆ ಅಂದ್ರು ದೊಡ್ಡವರು. ಅಮ್ಮ ಬಾಯಿಗೆ ಬಟ್ಟೆ ತುರುಕ್ಕೊಂಡು ಕೂತಿದ್ಲು. ನಾನು ಚಿಕ್ಕವಳು... ಗೊಳೋ ಅಂತ ಅತ್ತುಬಿಟ್ಟೆ. ಅಕ್ಕ ಬರಲೇ ಇಲ್ಲ. ಎಲ್ಲಾ ನನ್ನಿಂದಲೇ ಅಂದ್ರು. ಆಮೇಲೆ ನಾನು ಅತ್ತೇ ಇಲ್ಲ. ಈಗ ಮುಳುಗಿದ್ರೆ ಅಳು ತಡೆಯೋಕಾಗಲ್ಲ. ಅದಕ್ಕೆ ಅವಳು ನನ್ನ ಪಾಪೂನ ತಗೊಂಡ್ರೆ?"

ಮಾಯಿ ಕುಡ್ಜಾಯಿಗೆ ತನ್ನ ಮಾತೇ ನೆನಪಾಯಿತು. ಹೆರಿಗೆ ನೋವಿನಲ್ಲೂ ತುಟಿ ಪಿಟಕ್ಕೆನ್ನದ ಈ ಹುಡುಗಿಯನ್ನು 'ಕಲ್ಲು' ಎಂದು ಊರೆಲ್ಲ ಆಡಿಕೊಂಡವಳು ತಾನೇ! ಸೊಸೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಯೇಸು ಸ್ವಾಮಿ ಸತ್ತ ಗೆಳೆಯನ ಸಮಾಧಿ ಹತ್ರ ಎಲ್ಲರೆದುರಿಗೇ ಅತ್ತ. ಅತ್ತ ಮೇಲೇನೇ ಆ ಗೆಳೆಯನನ್ನ ಸಾವಿನಿಂದ ಎಬ್ಬಿಸಿದ್ದು. ಅಳು ಸ್ವಾಮಿಗೇ ತಪ್ಪಲ್ಲ ಅಂದ್ಮೇಲೆ, ಅಷ್ಟು ಚಿಕ್ಕ ಕೂಸಿಗೆ ಹೇಗೆ ತಪ್ಪಾಗುತ್ತೆ? ಈ ನೀರು ಅವನದು ಕಣೇ. ಇದರೊಳಗೆ ಅವನಿಗಿಂತ ದೊಡ್ಡೋರು ಯಾರೂ ಇಲ್ಲ."

"ಭಯ ಹೋಗ್ತಿಲ್ಲ ಅಮಾಯಿ..."

"ಅದನ್ನೂ ಕರ್ಕೊಂಡು ಬಾ. ನನ್ನ ಕೈ ಹಿಡ್ಕೋ. ನಂಗೂ ಈಜು ಬರಲ್ಲ."

ನ್ಯಾರಾಡ್ಜೊ ದಡದತ್ತ ತಿರುಗಿ ಮಗಳನ್ನು ನೋಡಿದಳು. "ಯೇಸುವೇ, ನನ್ನ ಪಾಪು ನಿನ್ನ ಕೈಲಿ," ಎಂದಳು. ಅತ್ತೆಯ ಕೈ ಹಿಡಿದು ಹೆಜ್ಜೆ ಇಟ್ಟಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಬಾಬಾ ಜೊಸಾಯ ಅವಳ ತಲೆಯ ಮೇಲೆ ಕೈಯಿಟ್ಟು ಮುಳುಗಿಸಿದರು.

ಮೇಲೆದ್ದವಳು ಅಕ್ಕನ ಹೆಸರು ಕೂಗಿ ಅತ್ತಳು. ಅಯ್ಯೋ, ಅದೆಂಥ ಅಳು! ಅತ್ತೆಯನ್ನು ತಬ್ಬಿ, ಉಸಿರು ಕಟ್ಟಿ, ಮತ್ತೆ ಕೂಗಿ... ದಡದಲ್ಲಿ ಕಣ್ಣೊರೆಸದ ಹೆಂಗಸಿಲ್ಲ, ಪಕ್ಕದ ಮನೆಯವಳೂ ಸೇರಿ. ಕುಡ್ಜಾಯಿಯ ತೋಳಲ್ಲಿ ಪಾಪು ಮಾತ್ರ ಅಪ್ಪನ ಕೊರಳಪಟ್ಟಿ ಚೀಪುತ್ತ ಆರಾಮಾಗಿತ್ತು.

"ಸಾಕು ಮಾರಾಯ್ತಿ, ಹೊಳೆಗೆ ಪ್ರವಾಹ ಬಂದೀತು," ಎನ್ನುತ್ತ ಮಾಯಿ ಕುಡ್ಜಾಯಿ ತಾನೂ ಮೂಗೊರೆಸಿಕೊಂಡಳು.

ಇಬ್ಬರೂ ದಡ ಹತ್ತಿ, ನ್ಯಾರಾಡ್ಜೊ ಪಾಪುವನ್ನು ಎತ್ತಿಕೊಂಡಾಗ ಬಾಬಾ ಕೇಳಿದರು, "ಮಗುವಿಗೆ ಏನು ಹೆಸರು?"

ನ್ಯಾರಾಡ್ಜೊ ಅತ್ತೆಯ ತಾಯಿಯ ಹೆಸರು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯೇ ಅಡ್ಡ ಬಂದಳು.

"ಸೆಕೆಸಾಯಿ. ಆಚೆ ದಡಕ್ಕೆ ಕೇಳೋ ಹಾಗೆ ಕೂಗಿ ಬಾಬಾ."

ಬಾಬಾ ಕೂಗಿದರು. ಆ ದೊಡ್ಡ ದನಿಗೋ, ತಾಯಿಯ ತಣ್ಣನೆಯ ತೋಳಿಗೋ, ಪಾಪು ಬೆಚ್ಚಿ ಕಿಟಾರನೆ ಅಳತೊಡಗಿತು. ನ್ಯಾರಾಡ್ಜೊಳ ಕೈ ಅಭ್ಯಾಸಬಲದಿಂದ ಮಗುವಿನ ಬಾಯಿಯತ್ತ ಹೋಯಿತು... ಅಲ್ಲೇ ನಿಂತಿತು. ಅವಳು ಮಡುವನ್ನೊಮ್ಮೆ ನೋಡಿದಳು, ಕೈ ಕೆಳಗಿಳಿಸಿದಳು.

"ಅಳು ಕಂದಾ," ಎಂದಳು. "ಜೋರಾಗಿ ಅಳು."